ಚಕ್ರದ ಕಲ್ಲು

ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷವಿರುವಾಗ ಡ್ರೈವಿಂಗ್ ಮೇಷ್ಟ್ರ ಕಾರು ತಾನೇ ತಾನಾಗಿ ಹಿಂದಕ್ಕೆ ಉರುಳಿ ಬೇಕರಿಯ ಗೋಡೆಗೆ ಗುದ್ದಿತು. ಒಳಗೆ ಯಾರೂ ಇರಲಿಲ್ಲ. ರಸ್ತೆಯಲ್ಲೂ ಯಾರೂ ಇರಲಿಲ್ಲ. ಹಿಂದಿನ ಒಂದು ದೀಪ ಒಡೆಯಿತು, ಡಿಕ್ಕಿಯ ಬಾಗಿಲು ನಗ್ಗಿ ಒಳಕ್ಕೆ ಹೋಯಿತು, ಗೋಡೆಯಿಂದ ಒಂದಿಷ್ಟು ಗಾರೆ ಉದುರಿತು.

ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲಿ ಉಕ್ಕಿದ ಹಾಲನ್ನು ಒರೆಸುತ್ತಿದ್ದಳು. ಸದ್ದು ಕೇಳಿದ ಕೂಡಲೇ ಅದು ಯಾವುದರ ಸದ್ದು ಎಂದು ಅವಳಿಗೆ ಗೊತ್ತಾಯಿತು. ಬಟ್ಟೆಯನ್ನು ಅಲ್ಲೇ ಎಸೆದು ಹೊರಗೆ ಓಡಿದಳು. ಬಾಗಿಲ ಮುಂದೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದು ಬಿಟ್ಟರೆ ಏನೂ ಇರಲಿಲ್ಲ.

ಅವರ ಊರು ಎಂದರೆ ಬೆಟ್ಟದ ಮೈಗೆ ಸುತ್ತು ಹಾಕಿದ ಒಂದೇ ರಸ್ತೆ. ತುದಿಯಲ್ಲಿ ನೀರಿನ ಟ್ಯಾಂಕು, ಬುಡದಲ್ಲಿ ಬಸ್ ನಿಲ್ದಾಣ ಮತ್ತು ಪೆಟ್ರೋಲ್ ಬಂಕು, ಅದರಾಚೆಗೆ ನಗರ. ನಗರ ಬೆಳೆಯುತ್ತ ಬೆಳೆಯುತ್ತ ಬೆಟ್ಟದ ಕಾಲಬುಡದವರೆಗೆ ಬಂದು ನಿಂತಿತ್ತು, ಮೇಲೆ ಹತ್ತುವ ಮನಸ್ಸು ಮಾಡಿರಲಿಲ್ಲ. ಊರಿನ ಅರ್ಧ ಜನ ಬೆಳಿಗ್ಗೆ ಕೆಲಸಕ್ಕೆಂದು ಇಳಿದು ಸಂಜೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಸಮತಟ್ಟಾದ ಜಾಗ ಹುಡುಕಿದರೂ ಸಿಗದ ಈ ರಸ್ತೆಯಲ್ಲಿ ಗಾಡಿ ನಿಲ್ಲಿಸುವವರು ನಾಲ್ಕು ಕೆಲಸ ಮಾಡಬೇಕು. ಗೇರಿನಲ್ಲಿ ಬಿಡಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ಮುಂದಿನ ಚಕ್ರವನ್ನು ಗೋಡೆಯ ಕಡೆಗೆ ತಿರುಗಿಸಬೇಕು, ಕೊನೆಗೆ ಇಳಿದು ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಮೊದಲ ಮೂರನ್ನು ಎಲ್ಲ ಊರುಗಳಲ್ಲೂ ಕಲಿಸುತ್ತಾರೆ. ನಾಲ್ಕನೆಯದನ್ನು ಕಲಿಸಿದ್ದು ಮೇಷ್ಟ್ರು. ಊರಿನಲ್ಲಿ ಸ್ಟಿಯರಿಂಗ್ ಹಿಡಿದವರೆಲ್ಲ ಅವರ ಕೈಯಲ್ಲಿ ಕಲಿತವರೇ ಆದ್ದರಿಂದ ಪ್ರತಿ ಗಾಡಿಯಲ್ಲೂ ಅದರದೇ ಒಂದು ಕಲ್ಲು ಇರುತ್ತಿತ್ತು. ನಗರದ ಸಪಾಟು ಪಾರ್ಕಿಂಗ್ ಜಾಗದಲ್ಲೂ ಇವರು ಇಳಿದು ಚಕ್ರಕ್ಕೆ ಕಲ್ಲು ಕೊಡುವುದನ್ನು ಕಂಡು ಅಲ್ಲಿನ ಕಾವಲುಗಾರರು, "ಬಂದ್ರಪ್ಪಾ ಕಲ್ಲಿನೋರು" ಎಂದು ನಗುತ್ತಿದ್ದರು. ಇವರು ನಕ್ಕರೆ ನಗಲಿ ಎಂದು ಬಿಡುತ್ತಿದ್ದರು.

ಅವಳು ಇಳಿಜಾರಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಬೇಕರಿಯ ಮುಂದೆ ಏಳೆಂಟು ಜನ ಸೇರಿದ್ದರು. ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಿದ್ದ. ಅವಳ ಹಿಂದೆಯೇ ಮೇಷ್ಟ್ರು ಬಂದರು. ಕೊರಳಲ್ಲಿ ಟವೆಲು, ಅರ್ಧ ಮುಖದಲ್ಲಿ ಶೇವಿಂಗ್ ನೊರೆ.

"ಇಷ್ಟು ಅವಸರಾನಾ ಮೇಷ್ಟ್ರೇ?" ಎಂದ ಬೇಕರಿಯವನು. "ಬ್ರೆಡ್ಡು ಇನ್ನೂ ಬೇಯ್ತಾ ಇದೆ. ನೀವು ಬರೋಕೆ ಮುಂಚೆ ಕಾರನ್ನೇ ಕಳಿಸಿಬಿಟ್ರಾ?"

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದರು. ಗೇರು ನ್ಯೂಟ್ರಲ್‌ನಲ್ಲಿತ್ತು. ಹ್ಯಾಂಡ್‌ಬ್ರೇಕ್ ಅರ್ಧ ಮಾತ್ರ ಎಳೆದಿತ್ತು. ಹಿಂದಕ್ಕೆ ಬಂದು ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದರು.

"ಕಲ್ಲು ಎಲ್ಲಿ?" ಎಂದರು.

ಎಲ್ಲರೂ ಹುಡುಕಿದರು. ಕಾರಿನ ಕೆಳಗೆ, ಚರಂಡಿಯಲ್ಲಿ, ಮೇಷ್ಟ್ರ ಮನೆಯ ಬಾಗಿಲವರೆಗೂ ನೋಡಿದರು. ಕಲ್ಲು ಇರಲಿಲ್ಲ.

"ಕಲ್ಲು ಕೊಡದೆ ಗಾಡಿ ಬಿಡೋರು ಈ ಊರಲ್ಲಿ ಯಾರು ಮಾರಾಯ್ರೆ?" ಎಂದ ಬೇಕರಿಯವನು. "ನಿನ್ನೆ ಕೊನೆಗೆ ನಿಲ್ಸಿದ್ದು ಯಾರು?"

"ಗುಬ್ಬಿ," ಎಂದರು ಮೇಷ್ಟ್ರು.

"ಹಾಂ, ಹಂಗನ್ನಿ. ರಾತ್ರಿಯೆಲ್ಲ ಬ್ರೇಕು ಹೆಂಗೋ ಹಲ್ಲು ಕಚ್ಕೊಂಡಿತ್ತು, ಬೆಳಿಗ್ಗೆ ಕೈ ಬಿಡ್ತು."

ಗುಬ್ಬಿ ಎಂದರೆ ಬೀಗದ ಅಂಗಡಿಯವನ ತಂಗಿ. ಕುಳ್ಳಿ. ದಿಂಬು ಹಾಕಿಕೊಂಡು ಕೂತರೇನೇ ಅವಳಿಗೆ ಮುಂದಿನ ರಸ್ತೆ ಕಾಣುತ್ತಿದ್ದದ್ದು. ಅದಕ್ಕೇ ಆ ಹೆಸರು ಅಂಟಿತ್ತು. ಅವತ್ತು ಮಧ್ಯಾಹ್ನವೇ ಅವಳ ಲೈಸೆನ್ಸ್ ಪರೀಕ್ಷೆ.

ಮೇಷ್ಟ್ರ ಹೆಂಡತಿ ಮನೆಯ ಕಡೆ ಹತ್ತಿದಳು. ಗುಬ್ಬಿ ಕಲ್ಲು ಕೊಟ್ಟಿದ್ದಳು. ಅದನ್ನು ಮೇಷ್ಟ್ರ ಹೆಂಡತಿ ಕಣ್ಣಾರೆ ನೋಡಿದ್ದಳು. ಮೇಷ್ಟ್ರು ಬೆಳಿಗ್ಗೆ ಕತ್ತಲು ಹರಿಯುವ ಮುಂಚೆಯೇ ಎದ್ದು ಕಾರು ತೆಗೆದುಕೊಂಡು ಇಳಿದು ಹೋಗಿದ್ದು, ಆರೂವರೆಯ ಸುಮಾರಿಗೆ ಮರಳಿ ಬಂದಿದ್ದು ಎರಡೂ ಅವಳ ಕಿವಿಗೆ ಬಿದ್ದಿದ್ದವು. ಎರಡು ತಿಂಗಳಿಂದ ಅವರು ಕಾರು ನಿಲ್ಲಿಸಿ ಒಳಗೆ ಬಂದಾಗಲೆಲ್ಲ ಅವಳು ಕಸದ ಡಬ್ಬಿ ಹಿಡಿದೋ, ಒಣಗಿದ ಬಟ್ಟೆ ತರುವ ನೆಪದಲ್ಲೋ ಹೊರಗೆ ಹೋಗಿ ಹಿಂದಿನ ಚಕ್ರವನ್ನೊಮ್ಮೆ ನೋಡಿಕೊಂಡು ಬರುತ್ತಿದ್ದಳು. ಇವತ್ತು ಹಾಲು ಉಕ್ಕಿತು. ಹೋಗಲಿಲ್ಲ.

ಕಲ್ಲು ಅವಳಿಗೆ ಅಡುಗೆಮನೆಯಲ್ಲಿ ಸಿಕ್ಕಿತು. ಆಲೂಗಡ್ಡೆಯ ಬುಟ್ಟಿಯಲ್ಲಿ, ಆಲೂಗಡ್ಡೆಗಳ ನಡುವೆ, ತಾನೂ ಅವುಗಳಲ್ಲೊಂದು ಎಂಬಂತೆ ಕೂತಿತ್ತು. ಯಾರೋ ಜೋಪಾನವಾಗಿ ಇಟ್ಟಂತಿತ್ತು. ಅವಳು ಅದರ ಮೇಲೆ ನಾಲ್ಕು ಆಲೂಗಡ್ಡೆ ಸರಿಸಿ ಬುಟ್ಟಿಯನ್ನು ಮೂಲೆಗೆ ತಳ್ಳಿದಳು.

ಮರೆವು ಒಮ್ಮೆಲೇ ಬಂದಿರಲಿಲ್ಲ. ಒಂದು ದಿನ ಮೇಷ್ಟ್ರು ಕಲಿಯಲು ಬಂದ ಕ್ಷೌರದಂಗಡಿಯವನನ್ನು ಕೂರಿಸಿಕೊಂಡು ಕೆಳಗಿನ ನಿಲ್ದಾಣದವರೆಗೆ ಹೋದವರು ಅಲ್ಲಿ ಇಳಿದು, ಕಾರನ್ನೂ ಅವನನ್ನೂ ಬಿಟ್ಟು, ನಡೆದುಕೊಂಡು ಮನೆಗೆ ಬಂದು ಪೇಪರು ಓದುತ್ತ ಕೂತಿದ್ದರು. ಕ್ಷೌರದಂಗಡಿಯವನು ಬೆವರು ಸುರಿಸುತ್ತ ಒಬ್ಬನೇ ಕಾರು ಹತ್ತಿಸಿಕೊಂಡು ಬಂದು, "ಎಂಥಾ ಪರೀಕ್ಷೆ ಮಾಡಿದ್ರಿ ಮೇಷ್ಟ್ರೇ! ನನ್ನ ಭಯಾನೇ ಹೋಯ್ತು" ಎಂದು ಕಾಲಿಗೆ ಬೀಳುವುದೊಂದು ಬಾಕಿ. ಊರೆಲ್ಲ ಆ ಮಾತು ಹರಡಿತು. ಮೇಷ್ಟ್ರ ಪಾಠ ಅಂದ್ರೆ ಹಾಗೆ ಎಂದು ಜನ ತಲೆದೂಗಿದರು. ಅವಳೂ ಎಲ್ಲರ ಜೊತೆ ನಕ್ಕಿದ್ದಳು. ಗಂಡನ ಮುಖ ಮಾತ್ರ ಯಾರೋ ಬೇರೆಯವರ ಮನೆಯ ಸುದ್ದಿ ಕೇಳುವವರ ಮುಖದಂತಿತ್ತು.

ಡಾಕ್ಟರ ಹತ್ತಿರ ಹೋಗೋಣ ಎಂದು ಅವಳು ಹೇಳಿರಲಿಲ್ಲ. ಡಾಕ್ಟರು ಮೊದಲು ಕಿತ್ತುಕೊಳ್ಳುವುದು ಕಾರಿನ ಕೀಲಿಯನ್ನೇ ಎಂದು ಅವಳಿಗೆ ಗೊತ್ತಿತ್ತು. ಕ್ಲಚ್ಚು, ಬ್ರೇಕು, ಗೇರುಗಳ ಮಧ್ಯೆ ಅವರು ಇನ್ನೂ ಮೊದಲಿನ ಮನುಷ್ಯನೇ. ಕಾರಿನಿಂದ ಇಳಿದ ಮೇಲೆಯೇ ಎಲ್ಲ ಕಲಸಿಹೋಗುತ್ತಿದ್ದದ್ದು. ಕಾರನ್ನೂ ತೆಗೆದರೆ ಆಮೇಲೆ ಉಳಿಯುವುದೇನು ಎಂದು ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಬೇಕರಿಯವನೂ ಇನ್ನಿಬ್ಬರೂ ಸೇರಿ ಕಾರನ್ನು ತಳ್ಳಿ ನೇರ ಮಾಡಿದರು. ಮೇಷ್ಟ್ರು ಅದನ್ನು ಹತ್ತಿಸಿ ತಂದು ಮನೆಯ ಮುಂದೆ ನಿಲ್ಲಿಸಿ, ಬಚ್ಚಲಿನ ಹತ್ತಿರದ ಇಟ್ಟಿಗೆಯೊಂದನ್ನು ಚಕ್ರಕ್ಕೆ ಕೊಟ್ಟರು. ಅವಳು ಕಿಟಕಿಯಿಂದ ನೋಡುತ್ತಿದ್ದಳು.

ಹತ್ತು ಗಂಟೆಯ ಸುಮಾರಿಗೆ ಗುಬ್ಬಿ ಬಂದಳು. ಕಂಕುಳಲ್ಲಿ ದಿಂಬು. ಹಿಂದೆ ಅವಳ ಅಣ್ಣ, ಬೀಗದ ಅಂಗಡಿಯವನು. ಅಪ್ಪ ಹೋದ ಮೇಲೆ ತಂಗಿ ಅವನ ಮನೆಯಲ್ಲೇ ಇದ್ದಳು. ಹಗಲು ಅಂಗಡಿಯಲ್ಲಿ ಕೂತು ಕೀಲಿ ಉಜ್ಜುತ್ತಿದ್ದಳು, ಸಂಜೆ ಅತ್ತಿಗೆಯ ಕೈಕೆಳಗೆ ಪಾತ್ರೆ ಉಜ್ಜುತ್ತಿದ್ದಳು. ನಗರದ ಶಾಲೆಯೊಂದರಲ್ಲಿ ಮಕ್ಕಳ ವ್ಯಾನು ಓಡಿಸುವ ಕೆಲಸ ಗೊತ್ತಾಗಿತ್ತು. ಸೋಮವಾರ ಲೈಸೆನ್ಸ್ ತೋರಿಸಿದರೆ ಕೆಲಸ, ಜೊತೆಗೆ ಶಾಲೆಯ ಹಿಂದೆಯೇ ಒಂದು ಕೋಣೆ.

"ಕೂತ್ಕೊಳ್ಳಿ," ಎಂದಳು ಮೇಷ್ಟ್ರ ಹೆಂಡತಿ.

ಗುಬ್ಬಿ ಕೂರಲಿಲ್ಲ. "ತಪ್ಪಾಯ್ತು ಮೇಷ್ಟ್ರೇ," ಎಂದಳು. ಕಣ್ಣು ಆಗಲೇ ಕೆಂಪಾಗಿತ್ತು. "ಬೆಳಿಗ್ಗೆಯಿಂದ ಎಷ್ಟು ನೆನಪು ಮಾಡ್ಕೊಂಡ್ರೂ ಕಲ್ಲು ಕೊಟ್ಟಿದ್ದು ನೆನಪೇ ಆಗ್ತಿಲ್ಲ. ದಿನಾ ಮಾಡೋ ಕೆಲ್ಸ. ಮಾಡಿದ್ನೋ ಇಲ್ವೋ ಗೊತ್ತಾಗ್ತಿಲ್ಲ. ಮರೆತಿದೀನಿ ಅನ್ಸತ್ತೆ."

"ಅನ್ಸೋದೇನು ಬಂತು? ಗೋಡೆ ಕೇಳು, ಹೇಳತ್ತೆ," ಎಂದ ಅಣ್ಣ. ಕೆಟ್ಟ ಮನುಷ್ಯನೇನಲ್ಲ. ತಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಮಾಧಾನ ಮಾತ್ರ ಅವನ ದನಿಯಲ್ಲಿ ಮುಚ್ಚಿಡಲಾಗದಷ್ಟಿತ್ತು. "ಆ ಗೋಡೆ ಹತ್ರ ಮಕ್ಕಳು ಆಡ್ತಾ ಇದ್ದಿದ್ರೆ? ನಾಳೆ ಇವಳ ವ್ಯಾನಲ್ಲಿ ಕೂರೋವೂ ಮಕ್ಕಳೇ ತಾನೆ? ನಾನು ಮೊದಲಿಂದ ಬಡ್ಕೊಂಡೆ ಮೇಷ್ಟ್ರೇ, ಇದು ಇವಳ ಕೈಲಾಗೋ ಕೆಲ್ಸ ಅಲ್ಲ ಅಂತ. ಅಂಗಡೀಲಿ ಕೂತ್ಕೊಂಡಿರು ಅಂದೆ. ಬೀಗ ಎಲ್ಲಿಟ್ರೂ ಉರುಳಿ ಹೋಗಲ್ಲ."

ಮೇಷ್ಟ್ರು ಗುಬ್ಬಿಯನ್ನು ನೋಡಿದರು. ಅವರು ಯಾರಿಗೂ ಗದರಿದವರಲ್ಲ. ಈಗಲೂ ಗದರಲಿಲ್ಲ.

"ನೋಡಮ್ಮ, ನಿನ್ನ ಕೈ ಚೆನ್ನಾಗಿದೆ. ಆದ್ರೆ ಕಲ್ಲು ಮರೆಯೋರನ್ನ ನಾನು ಪರೀಕ್ಷೆಗೆ ಕರ್ಕೊಂಡು ಹೋಗಲ್ಲ. ಇದುವರೆಗೂ ಕರ್ಕೊಂಡು ಹೋಗಿಲ್ಲ. ಮುಂದಿನ ತಿಂಗಳು ನೋಡೋಣ."

"ಸೋಮವಾರ ಕೇಳಿದಾರೆ ಮೇಷ್ಟ್ರೇ."

"ಬೇರೆ ಕೆಲ್ಸ ಬರತ್ತೆ."

ಗುಬ್ಬಿ ತಲೆಯಾಡಿಸಿದಳು. ವಾದ ಮಾಡಿದ್ದರೆ ಮೇಷ್ಟ್ರ ಹೆಂಡತಿಗೆ ಸುಮ್ಮನಿರುವುದು ಸುಲಭವಾಗುತ್ತಿತ್ತು. ಹುಡುಗಿಗೆ ವಯಸ್ಸಿದೆ, ಇನ್ನೊಂದು ತಿಂಗಳು ತಾನೆ, ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ ಎಂದು ಅವಳು ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಗುಬ್ಬಿ ಹೊಸ್ತಿಲ ಹತ್ತಿರ ಹೋದವಳು ತಿರುಗಿ ನಿಂತಳು.

"ಈ ದಿಂಬು ಇಲ್ಲೇ ಬಿಟ್ಟು ಹೋಗ್ಲಾ ಅಮ್ಮಾ? ನನ್ನಂಥ ಕುಳ್ಳಿ ಇನ್ಯಾರಾದ್ರೂ ಬಂದ್ರೆ ಆಗತ್ತೆ."

ಮೇಷ್ಟ್ರ ಹೆಂಡತಿ ದಿಂಬಿಗೆ ಕೈ ಚಾಚಲಿಲ್ಲ. "ಒಂದು ನಿಮಿಷ ಇರಮ್ಮ," ಎಂದಳು. "ರೀ, ಸ್ವಲ್ಪ ಒಳಗೆ ಬನ್ನಿ."

ಅಡುಗೆಮನೆಯಲ್ಲಿ ಅವಳು ಬುಟ್ಟಿಯನ್ನು ಎಳೆದು ಮೇಲಿನ ಆಲೂಗಡ್ಡೆಗಳನ್ನು ತೆಗೆದಳು. ಮೇಷ್ಟ್ರು ಬಗ್ಗಿ ನೋಡಿದರು. ಅವರದೇ ಕಲ್ಲು, ಒಂದು ಮಗ್ಗುಲು ಟೈರು ಉಜ್ಜಿ ಉಜ್ಜಿ ಕಪ್ಪಾಗಿ ನುಣುಪಾಗಿತ್ತು.

"ಇದನ್ನ ಯಾರು ತಂದು ಇಲ್ಲಿಟ್ರು?"

"ನೀವು."

"ನಾನ್ಯಾಕೆ ಇಡ್ಲಿ? ನಿನಗೆ ತಲೆ ಕೆಟ್ಟಿದೆಯಾ?"

"ಮೆತ್ತಗೆ ಮಾತಾಡಿ. ಬೆಳಿಗ್ಗೆ ಕಾರು ತಗೊಂಡು ಕೆಳಗೆ ಹೋಗಿದ್ರಿ. ಬಂದು ನಿಲ್ಸಿದ್ರಿ. ಕಲ್ಲು ಕೈಯಲ್ಲೇ ಇತ್ತು, ಒಳಗೆ ತಂದ್ರಿ."

"ನಾನು ಎದ್ದಿದ್ದೇ ಲೇಟು ಇವತ್ತು. ಶೇವ್ ಮಾಡ್ಕೋತಾ ಇದ್ದೆ."

"ಅದು ಆಮೇಲೆ."

"ಸುಳ್ಳು ಹೇಳ್ಬೇಡ. ನೀನೇ ಇಟ್ಟಿರ್ತೀಯ. ಆ ಹುಡುಗಿ ಮೇಲೆ ನಿನಗೆ ಕರುಣೆ, ಅದಕ್ಕೆ."

ಮೇಷ್ಟ್ರು ಕಲ್ಲನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಬುಟ್ಟಿಯಲ್ಲಿಟ್ಟರು. ಅಲ್ಲಿಡಬಾರದೆಂದು ತೋರಿ ತೆಗೆದರು. ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಹೊರಗೆ ಬೀಗದ ಅಂಗಡಿಯವನು ಕೆಮ್ಮಿದ.

"ಇವಳೇ," ಎಂದರು ದನಿ ಇಳಿಸಿ. "ಬರೀ ಇವತ್ತಾ?"

"ಅಲ್ಲ."

"ಎಷ್ಟು ದಿನದಿಂದ ಕಾಯ್ತಾ ಇದೀಯ ನನ್ನ?"

"ಕಾಯೋದೇನು ಬಂತು. ಕಸ ಹಾಕೋಕೆ ಹೋದಾಗ ನೋಡ್ತೀನಿ ಅಷ್ಟೆ."

"ದಿನಾ ಅಷ್ಟೊಂದು ಕಸ ಎಲ್ಲಿಂದ ಬರತ್ತೆ ಅಂದ್ಕೋತಿದ್ದೆ," ಎಂದರು ಮೇಷ್ಟ್ರು.

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು. ಮೇಷ್ಟ್ರು ಅವಳ ಕೈಯಿಂದ ಆಲೂಗಡ್ಡೆಗಳನ್ನು ಇಸಿದುಕೊಂಡು ಬುಟ್ಟಿಗೆ ಹಾಕಿದರು. ಆಮೇಲೆ ಕಲ್ಲು ಹಿಡಿದುಕೊಂಡೇ ಹೊರಗಿನ ಕೋಣೆಗೆ ನಡೆದರು. ಅವಳು ಹಿಂದೆ ಹೋದಳು.

"ಕಲ್ಲು ಕೊಡದೆ ಬಿಟ್ಟಿದ್ದು ನಾನು," ಎಂದರು ಮೇಷ್ಟ್ರು. "ಇವಳಲ್ಲ."

ಬೀಗದ ಅಂಗಡಿಯವನು ಕೈ ಮುಗಿದುಬಿಟ್ಟ. "ಇದು ನಿಮ್ಮ ದೊಡ್ಡತನ ಮೇಷ್ಟ್ರೇ. ಕಲಿಯೋಳ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋತೀರಿ. ಬೇಡಿ. ಅವಳಿಗೆ ಬುದ್ಧಿ ಬರಲಿ."

"ದೊಡ್ಡತನ ಅಲ್ಲ ಕಣಯ್ಯ. ಬೆಳಿಗ್ಗೆ ನಾನು ಕಾರು ತೆಗೆದಿದ್ದೆ."

"ಅಯ್ಯೋ ಬಿಡಿ ಮೇಷ್ಟ್ರೇ. ನೀವು ಕಲ್ಲು ಮರೀತೀರಾ? ನಾನು ನನ್ನ ಹೆಸರು ಮರೆತರೂ ನೀವು ಕಲ್ಲು ಮರೆಯಲ್ಲ. ನಿಮ್ಮ ಕೈಯಲ್ಲೇ ಇದೆಯಲ್ಲ ಕಲ್ಲು!"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ನಿಜ ಹೇಳಿದ ಮೇಲೂ ಅದನ್ನು ಯಾರೂ ತೆಗೆದುಕೊಳ್ಳುತ್ತಿಲ್ಲವಲ್ಲ ಎಂಬ ಗಾಬರಿ ಆ ನೋಟದಲ್ಲಿತ್ತು. ಇಲ್ಲಿಗೇ ಬಿಟ್ಟರೆ ಮಾತು ಮುಗಿಯುತ್ತಿತ್ತು. ಹೇಳಬೇಕಾದದ್ದನ್ನು ಹೇಳಿಯೂ ಆಗಿತ್ತು, ಊರಿನ ಕಣ್ಣಿನಲ್ಲಿ ಅವರು ಇನ್ನೊಂದು ಮೆಟ್ಟಿಲು ಮೇಲೂ ಹತ್ತುತ್ತಿದ್ದರು.

"ಗುಬ್ಬಿ," ಎಂದಳು ಅವಳು, "ನಿನ್ನೆ ನೀನು ಕಾರು ಬಿಟ್ಟಾಗ ಪೆಟ್ರೋಲ್ ಎಷ್ಟಿತ್ತಮ್ಮ?"

"ಮುಳ್ಳು ತಳ ಕಚ್ಚಿತ್ತಮ್ಮ. ಬೆಳಿಗ್ಗೆ ಹಾಕಿಸ್ಬೇಕು ಅಂತ ಮೇಷ್ಟ್ರು ಹೇಳಿದ್ರು."

"ಹೋಗಿ ನೋಡ್ಕೊಂಡು ಬನ್ನಿ," ಎಂದು ಅವಳು ಮೊಳೆಯ ಮೇಲಿದ್ದ ಕೀಲಿಯನ್ನು ತೆಗೆದು ಬೀಗದ ಅಂಗಡಿಯವನ ಕೈಗೆ ಕೊಟ್ಟಳು.

ಅವನು ಹೋದ. ಕಾರಿನ ಬಾಗಿಲು ತೆಗೆದ ಸದ್ದು, ಸ್ವಲ್ಪ ತಡೆದು ಹಾಕಿದ ಸದ್ದು ಕೇಳಿಸಿತು. ಒಳಗೆ ಬಂದವನು ಕೀಲಿಯನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಂತ.

"ಫುಲ್ ಇದೆ," ಎಂದ.

"ಬಂಕಿನ ಹುಡುಗನ್ನ ಕೇಳಿದ್ರೆ ನಾನು ಎಷ್ಟೊತ್ತಿಗೆ ಬಂದಿದ್ದೆ ಅಂತ ಅವನೂ ಹೇಳ್ತಾನೆ," ಎಂದರು ಮೇಷ್ಟ್ರು. "ನನ್ನ ಕೇಳ್ಬೇಡ. ಹೋಗಿದ್ದು ನನಗೆ ನೆನಪಿಲ್ಲ. ಬಂದಿದ್ದೂ ನೆನಪಿಲ್ಲ. ಈ ಕಲ್ಲು ಒಳಗೆ ಆಲೂಗಡ್ಡೆ ಬುಟ್ಟೀಲಿ ಸಿಕ್ತು."

ಬೀಗದ ಅಂಗಡಿಯವನು ಮೇಷ್ಟ್ರ ಮುಖ ನೋಡಿದವನು ಕಣ್ಣು ತಪ್ಪಿಸಿ ಗೋಡೆಯ ಮೇಲಿನ ಸಂಚಾರ ಚಿಹ್ನೆಗಳ ಪಟವನ್ನು ನೋಡತೊಡಗಿದ. ಬಾಗಿಲ ಹತ್ತಿರ ನಿಂತಿದ್ದ ಗುಬ್ಬಿ ದಿಂಬನ್ನು ಎದೆಗೆ ಅವುಚಿಕೊಂಡಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ತಪ್ಪು ತನ್ನದೇ ಆಗಿದ್ದರೆ ಚೆನ್ನಾಗಿತ್ತು ಎನ್ನುವಂತಿತ್ತು.

"ಪರೀಕ್ಷೆ ಎಷ್ಟೊತ್ತಿಗೆ?" ಎಂದರು ಮೇಷ್ಟ್ರು.

"ಒಂದು ಗಂಟೆಗೆ," ಎಂದಳು ಗುಬ್ಬಿ.

"ಹಾಗಾದ್ರೆ ನಿಂತ್ಕೊಂಡು ಏನು ನೋಡ್ತಿದೀಯ? ನೀನೇ ಓಡಿಸ್ಕೊಂಡು ಹೋಗು. ಪಕ್ಕದಲ್ಲಿ ನಿಮ್ಮಣ್ಣ ಕೂರ್ತಾನೆ."

"ನಾನಾ?" ಎಂದ ಬೀಗದ ಅಂಗಡಿಯವನು. "ನೀವಿದ್ದು ನಾನ್ಯಾಕೆ ಮೇಷ್ಟ್ರೇ? ಒಂದು ದಿನ ಏನೋ ಮರೆತ್ರಿ, ಅಷ್ಟಕ್ಕೇ..."

"ಒಂದು ದಿನ ಅಲ್ಲವಂತೆ. ನನ್ನ ಹೆಂಡತಿ ಹೇಳ್ತಾಳೆ. ನಿನಗೂ ನಾನೇ ಕಲಿಸಿದ್ದು ತಾನೆ? ಎಲ್ಲ ಕಲಿಸಿದ್ದೆ, ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂರೋದೊಂದು ಬಿಟ್ಟು. ಇವತ್ತು ಕಲಿ. ಅವಳಿಗೆ ಹಿಡಿ, ಬಿಡು ಅಂತೆಲ್ಲ ಹೇಳ್ಬೇಡ. ಅವಳ ಎಡಗಾಲು ನಿನಗಿಂತ ಚೆನ್ನಾಗಿದೆ."

ಗುಬ್ಬಿ ಮೂಗು ಒರೆಸಿಕೊಂಡು ನಕ್ಕಳು. ಅಣ್ಣ ನಗಲು ನೋಡಿ, ಆಗದೆ, ಕೀಲಿಯನ್ನು ತಂಗಿಯ ಕೈಗೆ ಹಾಕಿದ. "ನಡಿ ಮತ್ತೆ. ಕೆಳಗೆ ಟ್ರಾಫಿಕ್ಕು ಶುರುವಾಗತ್ತೆ," ಎಂದ.

ಮೇಷ್ಟ್ರು ಬಾಗಿಲವರೆಗೆ ಹೋಗಿ ನಿಂತರು. ಗುಬ್ಬಿ ದಿಂಬನ್ನು ಸೀಟಿಗೆ ಹಾಕಿ ಹತ್ತಿದಳು. ಬೀಗದ ಅಂಗಡಿಯವನು ಇಟ್ಟಿಗೆ ತೆಗೆದು ಬದಿಗಿಟ್ಟು ಬಂದು ಕೂತ. ಕಾರು ಒಂದು ಗೇಣೂ ಹಿಂದಕ್ಕೆ ಜಾರದೆ ಮುಂದಕ್ಕೆ ಹೊರಟು, ಮೇಲಿನ ತಿರುವಿನಲ್ಲಿ ಹೊರಳಿಕೊಂಡು, ಅವರ ಮುಂದೆಯೇ ಹಾದು ಇಳಿಯಿತು. ಒಡೆದ ದೀಪದ ಜಾಗದಲ್ಲಿ ವೈರೊಂದು ತೂಗಾಡುತ್ತಿತ್ತು.

"ಊರಿಗೆ ಏನಂತ ಹೇಳೋದು?" ಎಂದಳು ಹೆಂಡತಿ.

"ಇದ್ದಿದ್ದನ್ನೇ. ಬೇಕರಿಯವನಿಗೆ ಸಂಜೆ ನಾನೇ ಹೋಗಿ ಹೇಳ್ತೀನಿ. ಅವನಿಗೆ ಹೇಳಿದ್ರೆ ಬೇರೆ ಯಾರಿಗೂ ಹೇಳೋದು ಬೇಕಾಗಲ್ಲ."

"ಸಂಜೆ ಹೊತ್ತಿಗೆ ಮರೆತುಹೋದ್ರೆ?"

"ಮರೆತ್ರೆ ನೀನು ನೆನಪು ಮಾಡು," ಎಂದರು ಮೇಷ್ಟ್ರು. "ಆದ್ರೆ ಕಸದ ಡಬ್ಬಿ ಹಿಡ್ಕೊಂಡು ಬರ್ಬೇಡ. ನೇರವಾಗಿ ಬಂದು ಹೇಳು."

ಅವಳು ಆಗಲಿ ಎಂದಳು. ಅವರ ಕೈಯಲ್ಲಿ ಕಲ್ಲು ಇನ್ನೂ ಹಾಗೇ ಇತ್ತು. ಅವಳು ಅದನ್ನು ತೆಗೆದುಕೊಳ್ಳಲು ಹೋದಾಗ ಮೇಷ್ಟ್ರು ಕೊಡಲಿಲ್ಲ. ತಾವೇ ಹೋಗಿ ಇಟ್ಟಿಗೆಯ ಪಕ್ಕದಲ್ಲಿಟ್ಟು ಬಂದರು.

ಪರೀಕ್ಷೆಯವರು ಗುಬ್ಬಿಯಿಂದ ಏರಿನಲ್ಲಿ ಕಾರು ನಿಲ್ಲಿಸಿ ಹೊರಡಿಸಿದರು, ಹಿಂದಕ್ಕೆ ತೆಗೆಸಿದರು, ಒಡೆದ ದೀಪಕ್ಕೆ ಗೊಣಗಿದರು, ಪಾಸು ಮಾಡಿದರು. ಸಂಜೆ ಮೇಷ್ಟ್ರು ಯಾರೂ ನೆನಪಿಸದೆ ಬೇಕರಿಗೆ ಹೋದರು. ಅಲ್ಲಿ ಬಹಳ ಹೊತ್ತು ಕೂತಿದ್ದು, ಬರುವಾಗ ಬ್ರೆಡ್ಡು ತಂದರು. ಏನಂದ ಎಂದು ಹೆಂಡತಿ ಕೇಳಿದಾಗ, "ಮೊದಲು ನಂಬಲಿಲ್ಲ. ಆಮೇಲೆ ಟೀ ಕೊಟ್ಟ" ಎಂದರು.

ಸೋಮವಾರ ಗುಬ್ಬಿ ಕೆಲಸಕ್ಕೆ ಸೇರಿದಳು. ಬುಧವಾರ ನಗರದ ಆಸ್ಪತ್ರೆಯಲ್ಲಿ ಮೇಷ್ಟ್ರನ್ನು ನೋಡಲು ಡಾಕ್ಟರು ಸಮಯ ಕೊಟ್ಟಿದ್ದರು. ಗಂಡ ಹೆಂಡತಿ ಬೆಳಿಗ್ಗೆ ಬೇಗ ಮನೆಗೆ ಬೀಗ ಹಾಕಿ ಕೆಳಗಿನ ನಿಲ್ದಾಣಕ್ಕೆ ನಡೆದುಕೊಂಡು ಹೋದರು. ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಮೇಷ್ಟ್ರು ಕಿಟಕಿಯ ಪಕ್ಕ ಕೂತರು.